ಓದುಗರ ಪ್ರಶ್ನೆ: ಮಾಯೆಯೂ ಪ್ರೀತಿಯೂ ಇರುವ ಕಾದಂಬರಿಗಳಲ್ಲಿ ಯಾವುದು ಓದಲಿ?

ಹೋದ ಸಂಚಿಕೆಯಲ್ಲಿ ಫ್ಯಾಂಟಸಿ ಪ್ರೇಮಕಥೆಗಳ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೇ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಅಕ್ಕಾ, ನಾನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲಿನಲ್ಲಿ ಎಲ್ಲರ ಕೈಯಲ್ಲೂ ಒಂದು ಡ್ರ್ಯಾಗನ್ ಪುಸ್ತಕ. ನಿಜವಾಗಿಯೂ ಚೆನ್ನಾಗಿದೆಯಾ, ಇಲ್ಲಾ ಸುಮ್ನೆ ಹವಾನಾ?

ತಂಗಿ, ಅದು ರೆಬೆಕ್ಕಾ ಯಾರೋಸ್ ಅವರ 'ಫೋರ್ತ್ ವಿಂಗ್' ಇರಬೇಕು. 2023ರಲ್ಲಿ ಬಂತು. ಓದು, ಧಾರಾಳವಾಗಿ ಓದು. ವೈಲೆಟ್ ಅನ್ನುವ ಹುಡುಗಿಯ ಮೈ ತುಂಬಾ ಸೂಕ್ಷ್ಮ, ಕೀಲುಗಳು ಸುಲಭವಾಗಿ ಜಾರುತ್ತವೆ, ಮೂಳೆ ಬೇಗ ಮುರಿಯುತ್ತದೆ. ಅವಳಿಗೆ ಪುಸ್ತಕಗಳ ನಡುವೆ ಇರುವ ಆಸೆ. ಸೇನಾಪತಿಯಾದ ತಾಯಿ ಅವಳನ್ನು ಡ್ರ್ಯಾಗನ್ ಸವಾರರನ್ನು ತಯಾರು ಮಾಡುವ ಯುದ್ಧ ಕಾಲೇಜಿಗೆ ನೂಕುತ್ತಾಳೆ. ಅಲ್ಲಿ ತಪ್ಪಿದರೆ ಸಾವೇ, ಮರುಪರೀಕ್ಷೆ ಇಲ್ಲ. ಅಲ್ಲಿ ಝೇಡನ್ ಇದ್ದಾನೆ. ಅವನ ಅಪ್ಪನ ಸಾವಿಗೆ ಇವಳ ತಾಯಿಯೇ ಕಾರಣ. ಆದರೆ ಇವಳನ್ನು ಆರಿಸಿಕೊಂಡ ಡ್ರ್ಯಾಗನ್ನೂ ಅವನ ಡ್ರ್ಯಾಗನ್ನೂ ಜೋಡಿ, ಒಂದನ್ನು ಬಿಟ್ಟು ಒಂದು ಬದುಕುವುದಿಲ್ಲ. ಅಂದರೆ ಯಾರನ್ನು ದ್ವೇಷಿಸಬೇಕೋ ಅವನ ಜೀವವನ್ನೇ ಅವಳು ಕಾಯಬೇಕು, ಅವನೂ ಅಷ್ಟೇ.

ನಾನು ಇಂಥ ಯಾವ ಪುಸ್ತಕವನ್ನೂ ಅಳೆಯುವುದು ಒಂದೇ ರೀತಿಯಲ್ಲಿ. ಕಥೆಯಿಂದ ಮಾಯೆಯನ್ನು ತೆಗೆದು ನೋಡು. ಆಮೇಲೂ ಪ್ರೀತಿ ಹಾಗೇ ನಡೆದರೆ ಆ ರೆಕ್ಕೆ, ಕೋರೆಹಲ್ಲು, ಮಂತ್ರದಂಡ ಎಲ್ಲ ಬರೀ ಬಣ್ಣ. ಪ್ರೀತಿಯೂ ಕುಸಿದು ಬಿದ್ದರೆ ಲೇಖಕಿ ನಿಜವಾಗಿ ಕಟ್ಟಿದ್ದಾಳೆ ಅಂತ ಅರ್ಥ. 'ಫೋರ್ತ್ ವಿಂಗ್' ಈ ಪರೀಕ್ಷೆಯಲ್ಲಿ ಪಾಸು. ಝೇಡನ್ ಎಷ್ಟು ಚೆಲುವ ಅಂತ ವೈಲೆಟ್ ಹೇಳಿದ್ದನ್ನೇ ಹೇಳುತ್ತಾಳೆ, ಅದು ನನಗೆ ಜಾಸ್ತಿ ಅನ್ನಿಸಿತು. ಆದರೂ ಕೊನೆಯ ನೂರು ಪುಟ ನಾನು ಒಂದೇ ರಾತ್ರಿಯಲ್ಲಿ ಓದಿದೆ.

ನಕಲಿ ಪ್ರತಿ ಮಾತ್ರ ಕೊಳ್ಳಬೇಡ. ರಸ್ತೆ ಬದಿಯಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಕಾಗದ ತೆಳ್ಳಗೆ, ಅಕ್ಷರ ಮಸುಕು. ನಾನು ತಂದ ಒಂದರಲ್ಲಿ ನಡುವಿನ ಹಲವು ಪುಟಗಳೇ ಇರಲಿಲ್ಲ. ದುಡ್ಡು ಕಡಿಮೆ ಇದ್ದರೆ ಹಾಸ್ಟೆಲಿನಲ್ಲಿ ನಾಲ್ಕು ಜನ ಸೇರಿ ಒಂದು ಒಳ್ಳೆಯ ಪ್ರತಿ ತೆಗೆದುಕೊಳ್ಳಿ.

ಪ್ಯಾರಾನಾರ್ಮಲ್ ರೊಮಾನ್ಸ್ ಬೇರೆ, ಫ್ಯಾಂಟಸಿ ರೊಮಾನ್ಸ್ ಬೇರೆ ಅಂತಾರಲ್ಲ, ಏನು ವ್ಯತ್ಯಾಸ? ಬ್ಯಾಂಕ್ ಕೆಲಸ ಮುಗಿಸಿ ಬಂದ ಮೇಲೆ ಓದಲು ಹಗುರವಾದದ್ದು ಹೇಳಿ. (ಬೆಳಗಾವಿ)

ಸುಲಭವಾಗಿ ಹೇಳ್ತೀನಿ. ಹೆಚ್ಚಾಗಿ ನಮ್ಮದೇ ಲೋಕ, ನಮ್ಮದೇ ಕಾಲ, ಅದರಲ್ಲಿ ರಕ್ತಪಿಶಾಚಿ, ತೋಳಮನುಷ್ಯ, ದೆವ್ವ ಬಂದು ಸೇರಿಕೊಂಡರೆ ಪ್ಯಾರಾನಾರ್ಮಲ್. ಲೋಕವೇ ಬೇರೆ, ಅದರ ನಕ್ಷೆ, ರಾಜ್ಯ, ದೇವರು ಎಲ್ಲ ಹೊಸದು ಅಂದರೆ ಫ್ಯಾಂಟಸಿ. ಈಗ ಎರಡೂ ಸಾಕಷ್ಟು ಬೆರೆತುಹೋಗಿವೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ನಿಮಗೆ ಅಲಿ ಹೇಜಲ್‌ವುಡ್ ಅವರ 'ಬ್ರೈಡ್' ಸರಿ, 2024ರದ್ದು. ಮಿಸರಿ ಎಂಬ ರಕ್ತಪಿಶಾಚಿ ಹುಡುಗಿಯನ್ನು ಎರಡು ಕುಲಗಳ ಶಾಂತಿಗಾಗಿ ತೋಳಮನುಷ್ಯರ ನಾಯಕನಿಗೆ ಮದುವೆ ಮಾಡಿಕೊಡುತ್ತಾರೆ. ಅವಳು ಒಪ್ಪಿಕೊಳ್ಳಲು ಕಾರಣ ಬೇರೆಯೇ ಇದೆ, ಕಾಣೆಯಾದ ಗೆಳತಿಯನ್ನು ಹುಡುಕಬೇಕು. ಗುರುತಿಲ್ಲದ ಮನೆ, ತನ್ನನ್ನು ಕಂಡರೆ ಆಗದ ಜನ, ಊಟ ಕೂಡ ಬೇರೆ. ಮದುವೆಯಾಗಿ ಬೇರೆ ಊರಿಗೆ ಹೋದ ಯಾವ ಹೆಣ್ಣುಮಗಳಿಗೂ ಇದು ಅರ್ಥವಾಗುತ್ತದೆ, ಅಲ್ವಾ? ನಾನು ಖಾನಾಪುರದ ಹಾದಿಯಲ್ಲಿ ಬಸ್ಸಿನಲ್ಲಿ ಓದಿದೆ, ಇಳಿಯಬೇಕಾದ ಸ್ಟಾಪ್ ಬಂದಾಗ ಬೇಸರವಾಯಿತು. ದೊಡ್ಡವರ ಪುಸ್ತಕ ಇದು, ಅದು ನೆನಪಿರಲಿ.

ನನ್ನ ಮಗಳಿಗೆ 15 ವರ್ಷ. ಇಂಥ ಪುಸ್ತಕ ಬಚ್ಚಿಟ್ಟು ಓದುತ್ತಾಳೆ. ಹೊದಿಕೆ ನೋಡಿದರೆ ಹೂವು, ಕತ್ತಿ. ಒಳಗೆ ಏನಿದೆಯೋ ಭಯ. ಬಿಡಿಸಲೇ? (ವಿಜಯಪುರ)

ಅಕ್ಕಾ, ಬಿಡಿಸಬೇಡಿ. ಓದುವ ಚಟ ಹೋದರೆ ಮತ್ತೆ ಬರುವುದು ಕಷ್ಟ. ಆದರೆ ನಿಮ್ಮ ಭಯ ಸುಳ್ಳಲ್ಲ. ಹೊದಿಕೆಗಳು ಈಗ ಎಲ್ಲವೂ ಒಂದೇ ಥರ ಇರುತ್ತವೆ, ಮಕ್ಕಳದ್ದು ಯಾವುದು, ದೊಡ್ಡವರದ್ದು ಯಾವುದು ಅಂತ ತಿಳಿಯುವುದೇ ಇಲ್ಲ. ಇದು ಪ್ರಕಾಶಕರು ಮಾಡುತ್ತಿರುವ ದೊಡ್ಡ ತಪ್ಪು ಅಂತ ನಾನು ಬಲವಾಗಿ ನಂಬಿದ್ದೇನೆ. 'ಫೋರ್ತ್ ವಿಂಗ್', 'ಬ್ರೈಡ್', ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' ಸರಣಿ, ಈ ಮೂರರಲ್ಲೂ ಮಲಗುವ ಕೋಣೆಯ ದೃಶ್ಯಗಳು ಬಿಚ್ಚಿಟ್ಟ ಹಾಗೆ ಇವೆ. 18 ತುಂಬಲಿ.

ಈಗ ಅವಳ ಕೈಗೆ ರೆಬೆಕ್ಕಾ ರಾಸ್ ಅವರ 'ಡಿವೈನ್ ರೈವಲ್ಸ್' ಕೊಡಿ, 2023ರದ್ದು. ಹದಿಹರೆಯದವರಿಗಾಗಿಯೇ ಬರೆದದ್ದು. ಒಂದೇ ಪತ್ರಿಕೆಯಲ್ಲಿ ಒಂದೇ ಹುದ್ದೆಗೆ ಜಗಳವಾಡುವ ಹುಡುಗ ಹುಡುಗಿ. ಅತ್ತ ದೇವರುಗಳ ನಡುವೆ ಯುದ್ಧ, ಹುಡುಗಿಯ ಅಣ್ಣ ಅದಕ್ಕೆ ಹೋಗಿದ್ದಾನೆ. ಅವನಿಗೆ ಅಂತ ಟೈಪ್ ಮಾಡಿದ ಕಾಗದಗಳನ್ನು ಇವಳು ಕಪಾಟಿನ ಬಾಗಿಲ ಕೆಳಗೆ ತೂರಿಸುತ್ತಾಳೆ, ಅವು ಮಾಯವಾಗಿ ಹೋಗಿ ಆ ಹುಡುಗನ ಕೋಣೆಯಲ್ಲಿ ಬೀಳುತ್ತವೆ. ಎದುರಿಗೆ ಕಚ್ಚಾಡುವವನು ಕಾಗದದಲ್ಲಿ ಅವಳ ಅಳು ಕೇಳುತ್ತಿದ್ದಾನೆ. ಇಲ್ಲಿ ಮಾಯೆ ತೆಗೆದರೆ ಕಥೆಯೇ ಇಲ್ಲ. ಕಥೆ ಎರಡು ಪುಸ್ತಕದಲ್ಲಿ ಮುಗಿಯುತ್ತದೆ, ಮೊದಲನೆಯದು ಬಹಳ ಕೆಟ್ಟ ಗಳಿಗೆಯಲ್ಲಿ ನಿಲ್ಲುತ್ತದೆ, ಎರಡೂ ಒಟ್ಟಿಗೇ ತನ್ನಿ. ಮೊದಲು ನೀವು ಓದಿ. ಆಮೇಲೆ ಅವಳು ಬಚ್ಚಿಡುವುದಿಲ್ಲ, ನಿಮ್ಮ ಹತ್ತಿರ ಬಂದು ಮಾತಾಡುತ್ತಾಳೆ.

ನಾನು ಪಿಯುಸಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಕಾದಂಬರಿ ಹಿಡಿದರೆ ಹತ್ತು ಪುಟಕ್ಕೆ ಸುಸ್ತು. ಯಾವುದರಿಂದ ಶುರು ಮಾಡಲಿ? (ಜಮಖಂಡಿ)

ಮೊದಲು ಒಂದು ಮಾತು. ಫ್ಯಾಂಟಸಿಯಲ್ಲಿ ಊರು, ಪ್ರಾಣಿ, ಪದವಿಗಳ ಹೆಸರು ಎಷ್ಟೋ ಲೇಖಕರು ತಾವೇ ಮಾಡಿಕೊಂಡದ್ದು. ಅವು ಯಾವ ನಿಘಂಟಿನಲ್ಲೂ ಇಲ್ಲ. ಇಂಗ್ಲಿಷ್ ಮೀಡಿಯಂ ಓದಿದವರಿಗೂ ಮೊದಲ 50 ಪುಟ ಕತ್ತಲೆಯೇ. ಹಾಗಾಗಿ ಅರ್ಥವಾಗದ್ದು ನಿಮ್ಮ ತಪ್ಪು ಅಂತ ಅಂದುಕೊಂಡು ಪುಸ್ತಕ ಮುಚ್ಚಬೇಡಿ. ಪ್ರತಿ ಪದಕ್ಕೂ ಫೋನ್ ತೆಗೆಯಬೇಡಿ, ಒಂದೇ ಪದ ಮೂರು ಸಲ ಎದುರಾದರೆ ಮಾತ್ರ ನೋಡಿ.

ಸಂಗು ಮಂದಣ್ಣ ಅವರ 'ದ ವೆರಿ ಸೀಕ್ರೆಟ್ ಸೊಸೈಟಿ ಆಫ್ ಇರ್ರೆಗ್ಯುಲರ್ ವಿಚಸ್' ತೆಗೆದುಕೊಳ್ಳಿ, 2022ರದ್ದು. ಮಂದಣ್ಣ ಅಂದ ಕೂಡಲೇ ಕೊಡಗು ನೆನಪಾಗುತ್ತದೆ. ನಾಯಕಿ ಮೀಕಾ ಭಾರತದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಅನಾಥೆ, ಮಾಟಗಾತಿ. ಮಾಟಗಾತಿಯರು ಒಂದೆಡೆ ಸೇರಿದರೆ ಮಾಯೆ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ, ಅದಕ್ಕೆ ಒಬ್ಬೊಬ್ಬರೇ ಬದುಕಬೇಕು ಅನ್ನುವುದು ಅವರ ಕಟ್ಟಳೆ. ಅಂಥವಳು ಮೂವರು ಪುಟ್ಟ ಮಾಟಗಾತಿಯರಿಗೆ ಪಾಠ ಹೇಳಲು ಒಂದು ಮನೆಗೆ ಬರುತ್ತಾಳೆ. ಅಲ್ಲಿ ಜೇಮಿ ಅನ್ನುವ ಸಿಡುಕು ಗ್ರಂಥಪಾಲಕ. ಯಾರ ಹತ್ತಿರವೂ ಉಳಿಯಬಾರದು ಅಂತ ಕಲಿತವಳು ಉಳಿಯುವುದನ್ನು ಕಲಿಯುವ ಕಥೆ ಇದು. ಭಾಷೆ ತಿಳಿಯಾಗಿದೆ. ಇದು ಮುಗಿದ ಮೇಲೆ ಹೆದರ್ ಫಾಸೆಟ್ ಅವರ 'ಎಮಿಲಿ ವೈಲ್ಡ್ಸ್ ಎನ್‌ಸೈಕ್ಲೋಪೀಡಿಯಾ ಆಫ್ ಫೇರೀಸ್' ಹಿಡಿಯಿರಿ, ಮೊದಲೇ ಬೇಡ. ಅದು ಪ್ರೊಫೆಸರೊಬ್ಬಳ ದಿನಚರಿ, ಅಡಿಟಿಪ್ಪಣಿ ಜಾಸ್ತಿ, ಹಳೆಯ ಕಾಲದ ಇಂಗ್ಲಿಷ್.

ನಾನು ನಿವೃತ್ತ ಶಿಕ್ಷಕ. ತೋಳ, ಪಿಶಾಚಿ ಜೊತೆ ಪ್ರೇಮ ಅನ್ನುವುದು ನಮ್ಮ ಮಣ್ಣಿನದಲ್ಲ. ಮಕ್ಕಳಿಗೆ ಇದನ್ನೇಕೆ ಹೇಳುತ್ತೀರಿ? (ಗೋಕಾಕ)

ಗುರುಗಳೇ, ನಮಸ್ಕಾರ. ತೋಳ ನಮ್ಮದಲ್ಲ, ಒಪ್ಪಿದೆ. ಹಾವು ನಮ್ಮದು. ಪಂಚಮಿಗೆ ಹುತ್ತಕ್ಕೆ ಹಾಲೆರೆದು, ಉಂಡಿ ತಿಂದು, ಜೋಕಾಲಿ ಆಡಿದವರು ನಾವು. ಗಂಡನ ರೂಪ ತಾಳಿ ರಾತ್ರಿ ಬರುವ ನಾಗರಹಾವಿನ ಕಥೆ ನಮ್ಮ ಹೆಂಗಸರ ಬಾಯಲ್ಲೇ ಉಳಿದದ್ದು. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದರು, ಇಂಥ ಜನಪದ ಕಥೆಗಳನ್ನು ಕೂಡಿಹಾಕಿದವರು ಅವರು. ಅವರಿಂದ ಕೇಳಿದ ಕಥೆಗಳ ಮೇಲೆಯೇ ಗಿರೀಶ ಕಾರ್ನಾಡರು 'ನಾಗಮಂಡಲ' ಬರೆದರು. ಬೀಗ ಹಾಕಿದ ಮನೆಯಲ್ಲಿ ಕೂತ ರಾಣಿ ಎಂಬ ಹೆಣ್ಣಿಗೆ ಪ್ರೀತಿ ಕೊಟ್ಟದ್ದು ಗಂಡನಲ್ಲ, ಹಾವು. ಕೊನೆಗೆ ಊರ ಮುಂದೆ ಹುತ್ತದಲ್ಲಿ ಕೈಯಿಟ್ಟು ಆಣೆ ಮಾಡಬೇಕಾದವಳೂ ಅವಳೇ. ಹಾವನ್ನು ತೆಗೆದುಬಿಡಿ, ಏನು ಉಳಿಯುತ್ತದೆ ಹೇಳಿ?

ನಿಮ್ಮ ಪಕ್ಕದ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ' ನಾಟಕದಲ್ಲಿ ರಾಜಕುಮಾರ ತನ್ನನ್ನೇ ಎರಡು ಹೋಳು ಮಾಡಿಸಿಕೊಳ್ಳುತ್ತಾನೆ, ಅದರಲ್ಲಿ ಒಂದು ಹೋಳು ಹಾವಾಗುತ್ತದೆ. ಅದಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಾದಾಮಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿರುತ್ತೀರಿ. 578ರ ಶಾಸನವಿರುವ ಮೂರನೇ ಗುಹೆಯಲ್ಲಿ ಕಂಬದ ಮೇಲೆ ತಲೆ ಎತ್ತಿ ನೋಡಿದರೆ ಮರದ ಕೆಳಗೆ ತೋಳು ಬಳಸಿ ನಿಂತ ಜೋಡಿಗಳಿವೆ. ಪ್ರೀತಿಯನ್ನೂ ಮಾಯೆಯನ್ನೂ ಒಟ್ಟಿಗೆ ಹೇಳುವುದು ನಮ್ಮ ಕಡೆ ಹೊಸದೇನಲ್ಲ. ನಿಮ್ಮ ಹಳೆಯ ವಿದ್ಯಾರ್ಥಿಗಳು ತೋಳದ ಕಥೆ ಓದುತ್ತಿದ್ದರೆ ಅವರಿಗೆ 'ಸಿರಿಸಂಪಿಗೆ' ಓದಿ ಹೇಳಿ. ನಿಮ್ಮ ಬಾಯಲ್ಲಿ ಕೇಳಿದರೆ ಅವರು ಖಂಡಿತ ಕೂತು ಕೇಳುತ್ತಾರೆ.

'ಫೋರ್ತ್ ವಿಂಗ್' ಸರಣಿ ಮುಗಿದಿದೆಯಾ? (ಇಂಡಿ)

ಇಲ್ಲ. ಒಟ್ಟು 5 ಅಂತ ಲೇಖಕಿ ಹೇಳಿದ್ದಾರೆ, ಮೂರನೆಯದು 'ಆನಿಕ್ಸ್ ಸ್ಟಾರ್ಮ್' 2025ರ ಜನವರಿಯಲ್ಲಿ ಬಂತು. ಕಾಯುವ ತಾಳ್ಮೆ ಇಲ್ಲದಿದ್ದರೆ ಮೇಲೆ ಹೇಳಿದ 'ಡಿವೈನ್ ರೈವಲ್ಸ್' ಓದಿ, ಅದು ಎರಡಕ್ಕೇ ಮುಗಿದಿದೆ.