ಬೇಲೂರಿನ ಕಂಬ ಯಾಕೆ ಬೀಳುವುದಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಯಿತು. ಪ್ರಶ್ನೆಯೇ ಹಾಗಿತ್ತು.

ಪ್ರಶ್ನೆ: ಸರ್, ಕಾಲೇಜಿನಿಂದ ಬೇಲೂರಿಗೆ ಹೋಗಿದ್ದೆವು. ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ 42 ಅಡಿ ಎತ್ತರದ ಕಲ್ಲಿನ ದೀಪಸ್ತಂಭ ಇದೆ. ಅದಕ್ಕೆ ಪಾಯವೇ ಇಲ್ಲವಂತೆ. ಮೂರು ಮೂಲೆಯ ಮೇಲೆ ಮಾತ್ರ ನಿಂತಿದೆ, ನಾಲ್ಕನೆಯ ಮೂಲೆಯಲ್ಲಿ ಕಾಗದ ತೂರಿಸಬಹುದು ಅಂದರು ಗೈಡ್. ಗುರುತ್ವಾಕರ್ಷಣೆಯನ್ನೇ ಗೆದ್ದ ಕಂಬ ಅಂತಲೂ ಹೇಳಿದರು. ಇದು ನಿಜವೇ?
– ಪಿಯುಸಿ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಪಾಯ ಇಲ್ಲ ಅನ್ನುವುದು ಸರಿ. ವಿಜಯನಗರದ ಕಾಲದ ಆ ಕಂಬವನ್ನು ನೆಲದಲ್ಲಿ ಹೂತಿಲ್ಲ, ಕಟ್ಟೆಯ ಮೇಲೆ ಸುಮ್ನೆ ನಿಲ್ಲಿಸಿದ್ದಾರೆ. ಆದರೆ ಗುರುತ್ವಾಕರ್ಷಣೆಯನ್ನು ಗೆದ್ದಿದೆ ಅನ್ನುವುದು ಪೂರ್ತಿ ಉಲ್ಟಾ. ಕಂಬವನ್ನು ಅಲ್ಲಿ ಹಿಡಿದು ನಿಲ್ಲಿಸಿರುವುದೇ ಗುರುತ್ವಾಕರ್ಷಣೆ. ಭೂಮಿಯ ಎಳೆತ ಇಲ್ಲದಿದ್ದರೆ ಒಂದು ಮಗು ಕೈಯಿಟ್ಟು ತಳ್ಳಿದರೂ ಅದು ನಿಧಾನಕ್ಕೆ ಜಾಗ ಬಿಟ್ಟು ಹೊರಡುತ್ತಿತ್ತು.

ಯಾವುದೇ ವಸ್ತುವಿನ ಇಡೀ ಭಾರ ಒಂದೇ ಬಿಂದುವಿನಲ್ಲಿ ಇದೆ ಅಂತ ಲೆಕ್ಕ ಹಾಕಬಹುದು. ಅದು ಗುರುತ್ವ ಕೇಂದ್ರ. ಅಲ್ಲಿಂದ ತೂಗುಗುಂಡು ಇಳಿಬಿಟ್ಟರೆ ದಾರ ಬುಡದ ಒಳಗೇ ಬರಬೇಕು. ಬುಡ ದಾಟಿ ಆಚೆ ಹೋಯಿತೋ, ವಸ್ತು ಉರುಳುತ್ತದೆ. ಕಂಬ ಎಷ್ಟು ಎತ್ತರ ಅನ್ನುವುದಕ್ಕಿಂತ ಈ ದಾರ ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ.

ಲೆಕ್ಕಕ್ಕೆ ಅಂತ ಬುಡ 1 ಮೀಟರ್ ಅಗಲ, ಗುರುತ್ವ ಕೇಂದ್ರ 6 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಕಂಬ ಒಂದು ಅಂಚಿನ ಮೇಲೆ ಸುಮಾರು 5 ಡಿಗ್ರಿ ವಾಲಿದರೆ ದಾರ ಹೊರಗೆ ಬೀಳುತ್ತದೆ. ಇಷ್ಟೇನಾ ಅನ್ನಿಸುತ್ತದೆ. ಆದರೆ ಅಷ್ಟು ವಾಲಿಸಬೇಕಾದರೆ ಗುರುತ್ವ ಕೇಂದ್ರವನ್ನು 2 ಸೆಂಟಿಮೀಟರ್ ಮೇಲಕ್ಕೆ ಎತ್ತಬೇಕು. ಅಂದರೆ ಹಲವು ಟನ್ ಕಲ್ಲನ್ನು 2 ಸೆಂಟಿಮೀಟರ್ ಎತ್ತಿದ ಹಾಗೆ. ಕಲ್ಲು ಒಂದು ಘನ ಮೀಟರ್‌ಗೆ ಸುಮಾರು 2.7 ಟನ್ ತೂಗುತ್ತದೆ. ಅದನ್ನು ಎತ್ತುವುದು ಗಾಳಿಗೆ ಸುಲಭವಲ್ಲ. ಇದೇ ಅಳತೆಯ ಕಂಬವನ್ನು ಥರ್ಮಾಕೋಲ್‌ನಲ್ಲಿ ಮಾಡಿದ್ದರೆ ಮೊದಲ ಆಷಾಢದ ಗಾಳಿಗೇ ಹೋಗಿರುತ್ತಿತ್ತು. ಜಾಸ್ತಿ ತೂಕವೇ ಇಲ್ಲಿ ಅನುಕೂಲ.

ಇನ್ನು ಮೂರು ಮೂಲೆಯ ಮಾತು. ಬಯಲಲ್ಲಿ ಒಲೆ ಹೂಡುವಾಗ ಮೂರು ಕಲ್ಲು ಇಡುತ್ತೇವೆ, ನಾಲ್ಕಲ್ಲ. ನೆಲ ಏರುತಗ್ಗಾಗಿದ್ದರೂ ಪಾತ್ರೆ ಮೂರೂ ಕಲ್ಲಿನ ಮೇಲೆ ಕೂರುತ್ತದೆ, ಅಲ್ಲಾಡುವುದಿಲ್ಲ. ನಾಲ್ಕು ಇಟ್ಟರೆ ಒಂದಲ್ಲ ಒಂದು ಗಿಡ್ಡವಾಗುತ್ತದೆ. ಹಾಗಾಗಿ ಮೂರು ಕಡೆ ಆಧಾರ ಇದ್ದರೆ ಸಾಕು ಅನ್ನುವುದರಲ್ಲಿ ಪವಾಡ ಏನಿಲ್ಲ.

ಆದರೆ ಗೈಡ್‌ಗಳು ಹೇಳದ ಒಂದು ಸೂಕ್ಷ್ಮ ಇದೆ. ನನಗೆ ಇಷ್ಟವಾದದ್ದು ಅದೇ. ಬುಡ ಚೌಕ ಅಂತಿಟ್ಟುಕೊಂಡು ಕಾಗದದ ಮೇಲೆ ಒಂದು ಚೌಕ ಬರೆಯಿರಿ. ಅದರ ಮೂರು ಮೂಲೆ ಸೇರಿಸಿ ತ್ರಿಕೋನ ಮಾಡಿ. ಈಗ ಚೌಕದ ನಡುಬಿಂದು ಎಲ್ಲಿದೆ? ತ್ರಿಕೋನದ ಒಳಗಲ್ಲ, ಸರಿಯಾಗಿ ಅದರ ಉದ್ದನೆಯ ಅಂಚಿನ ಮೇಲೆ! ನಿಜಕ್ಕೂ ಮೂರು ಮೂಲೆಗಳ ತುದಿ ಮಾತ್ರ ಕಟ್ಟೆಗೆ ತಾಗಿದ್ದರೆ, ಸಣ್ಣ ಗಾಳಿಗೂ ಕಂಬ ಖಾಲಿ ಮೂಲೆಯ ಕಡೆ ವಾಲಿ ಅಲ್ಲಾಡಬೇಕಿತ್ತು. ಅಲ್ಲಾಡುತ್ತಿಲ್ಲ ಅಂದಮೇಲೆ ಒಳಭಾಗದಲ್ಲಿ ಕಲ್ಲಿನ ಮೇಲೆ ಕಲ್ಲು ಸಾಕಷ್ಟು ಅಗಲಕ್ಕೆ ಕೂತಿರಲೇಬೇಕು. ಕಾಗದ ತೂರುವ ಸಂದು ಅಂಚಿನ ಹತ್ತಿರದ್ದು ಮಾತ್ರ. ಶಿಲ್ಪಿಗಳ ಕೈಚಳಕ ಇರುವುದು ಆ ಸಂದಿನಲ್ಲಲ್ಲ. ಇಷ್ಟು ಎತ್ತರದ ಕಲ್ಲನ್ನು ನೆಟ್ಟಗೆ ಕೆತ್ತಿ, ಬುಡ ಸಮ ಮಾಡಿ, ಎತ್ತಿ ನಿಲ್ಲಿಸಿದ್ದರಲ್ಲಿ.

ಪ್ರಶ್ನೆ: ಮಳೆ ಜೋರಾದ ಕೂಡಲೇ ನಮ್ಮ ಮನೆ ಡಿಶ್ ಕೈಕೊಡುತ್ತದೆ. ಹಾಸನದ ಇಸ್ರೋ ಕೇಂದ್ರದಲ್ಲಿ ದೊಡ್ಡ ದೊಡ್ಡ ಡಿಶ್ ಇವೆಯಲ್ಲ, ಅವಕ್ಕೂ ಮಳೆ ಹೊಡೆಯುತ್ತೆ ಅಲ್ವಾ? ಅವರ ಕೆಲಸ ನಿಲ್ಲುವುದಿಲ್ಲವೇ?
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಟಿವಿ ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರವನ್ನು ಆರಾಮಾಗಿ ದಾಟಿ ಬಂದ ಸಿಗ್ನಲ್ ಮಳೆ ಇರುವ ಕೊನೆಯ ನಾಲ್ಕೈದು ಕಿಲೋಮೀಟರ್‌ನಲ್ಲಿ ಸೋಲುತ್ತದೆ. ಮನೆ ಡಿಶ್‌ಗೆ ಬರುವುದು ಕೆಯು ಬ್ಯಾಂಡ್ ಅನ್ನುವ ಗುಂಪಿನ ರೇಡಿಯೊ ಅಲೆ. ಅದರ ಉದ್ದ ಸುಮಾರು 2.5 ಸೆಂಟಿಮೀಟರ್. ದಪ್ಪ ಮಳೆಹನಿ ನಾಲ್ಕೈದು ಮಿಲಿಮೀಟರ್ ಇರುತ್ತದೆ. ಅಲೆ ಚಿಕ್ಕದಾದಷ್ಟೂ ಇಂಥ ಹನಿಗಳು ಅದನ್ನು ಹೆಚ್ಚು ಹೀರುತ್ತವೆ, ಅತ್ತಿತ್ತ ಚದುರಿಸುತ್ತವೆ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ನಮ್ಮ ದೇಶದ ಭೂಸ್ಥಿರ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತಿರುವ) ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಈ ನಿಯಂತ್ರಣ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಸಿ ಬ್ಯಾಂಡ್. ಆ ಅಲೆಗಳು ಇನ್ನೂ ಉದ್ದ, ಮಳೆಗೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಜೊತೆಗೆ ಡಿಶ್ಶೂ ದೊಡ್ಡದು.

ನಿಮ್ಮ ಮನೆಯಲ್ಲಿ 60 ಸೆಂಟಿಮೀಟರ್ ಡಿಶ್ ಇದ್ದರೆ 90ರದ್ದು ಹಾಕಿಸಿ ನೋಡಿ. ಹಿಡಿಯುವ ಸಿಗ್ನಲ್ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಅದಕ್ಕೂ ಮೊದಲು ಖರ್ಚಿಲ್ಲದ ಕೆಲಸ: ಡಿಶ್‌ನ ಬೋಲ್ಟ್ ಸಡಿಲ ಆಗಿದೆಯಾ, ಎದುರಿನ ಸಿಲ್ವರ್ ಓಕ್ ಕೊಂಬೆ ಬೆಳೆದು ಅಡ್ಡ ಬಂದಿದೆಯಾ ನೋಡಿ. ಬಿಸಿಲಲ್ಲಿ ಹೇಗೋ ನಡೆಯುತ್ತಿದ್ದ ಸಿಗ್ನಲ್, ಮಳೆಯಲ್ಲಿ ಅಷ್ಟಕ್ಕೇ ಕೈಬಿಡುತ್ತದೆ. ಡಿಜಿಟಲ್ ಟಿವಿಯ ಸ್ವಭಾವವೇ ಹಾಗೆ. ಹಳೇ ಟಿವಿಯಂತೆ ಚುಕ್ಕಿ ಚುಕ್ಕಿಯಾಗಿ ಆದರೂ ಚಿತ್ರ ಕಾಣುವುದಿಲ್ಲ, ಒಂದೋ ಇದೆ, ಇಲ್ಲವೋ ಇಲ್ಲ.

ಪ್ರಶ್ನೆ: ಮುಳ್ಳಯ್ಯನಗಿರಿಗೆ ಹೋದಾಗ ಚಿಪ್ಸ್ ಪ್ಯಾಕೆಟ್ ಉಬ್ಬಿತ್ತು. ಹಾಳಾಗಿದೆ ಅಂತ ಎಸೆದೆವು. ತಪ್ಪಾಯಿತಾ?
– ಗೃಹಿಣಿ, ಕಡೂರು

ಉತ್ತರ: ಚಿಪ್ಸ್ ಬಹುಶಃ ಚೆನ್ನಾಗೇ ಇತ್ತು. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಐದನೇ ಒಂದು ಪಾಲು ಕಡಿಮೆ. ಕೆಳಗೆ ಪ್ಯಾಕ್ ಮಾಡಿದಾಗ ಒಳಗೆ ತುಂಬಿದ ಅನಿಲ ಹಾಗೇ ಇದೆ, ಹೊರಗಿನಿಂದ ಒತ್ತುವ ಗಾಳಿ ಕಡಿಮೆಯಾಗಿದೆ, ಪ್ಯಾಕೆಟ್ ಉಬ್ಬುತ್ತದೆ. ಚಿಕ್ಕಮಗಳೂರು ಪೇಟೆಯೇ 1,000 ಮೀಟರ್‌ಗಿಂತ ಮೇಲಿರುವುದರಿಂದ ಅಲ್ಲಿನ ಅಂಗಡಿಯಲ್ಲೇ ಸ್ವಲ್ಪ ಉಬ್ಬಿರುತ್ತದೆ. ಹಾಲು, ಮೊಸರಿನ ಪ್ಯಾಕೆಟ್ ಉಬ್ಬಿದ್ದರೆ ಮಾತ್ರ ಈ ಲೆಕ್ಕ ಹಾಕಿಕೊಂಡು ಕುಡಿಯಬೇಡಿ, ಅದು ಬೇರೆ ವಿಷಯ.

ಎತ್ತರದ ಎಸ್ಟೇಟ್ ಮನೆಗಳಲ್ಲಿ ಅನ್ನ ತಡವಾಗುವುದಕ್ಕೂ ಕಾರಣ ಇದೇ. 1,200 ಮೀಟರ್ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ನೀರು ಬೇಗ ಆವಿಯಾಗುತ್ತದೆ ಅಷ್ಟೇ, ಬಿಸಿ ಏರುವುದಿಲ್ಲ. ಅಲ್ಲಿ ಸೌದೆ ಸುರಿಯುವ ಬದಲು ಕುಕ್ಕರ್ ಇಡಿ.