ಓದುಗರ ಪ್ರಶ್ನೆ: ಮುಂಗುಸಿ, ಇಲಿ ಮತ್ತು ದ್ವೀಪದ ಹಾವು

ಪ್ರಶ್ನೆ: ನಮ್ಮ ಬಣವೆಯ ಸುತ್ತ ಮುಂಗುಸಿಯೂ ಓಡಾಡುತ್ತದೆ, ಕೇರೆ ಹಾವೂ ಇದೆ. ದ್ವೀಪಗಳಲ್ಲಿ ಮಾತ್ರ ಮುಂಗುಸಿ ಬಿಟ್ಟ ಮೇಲೆ ಹಾವೇ ಇಲ್ಲವಾಯಿತಂತೆ. ಹೇಗೆ?
– ರೈತರೊಬ್ಬರು, ಹಾನಗಲ್ಲ ತಾಲೂಕು

ಉತ್ತರ: ನಮ್ಮ ಕೇರೆ ಮುಂಗುಸಿಯ ಜೊತೆಗೇ ಬಾಳಿ ಬಂದದ್ದು, ಅಪಾಯ ಕಂಡೊಡನೆ ಬಿಲ ಸೇರುತ್ತದೆ. ಕೆರಿಬಿಯನ್ ದ್ವೀಪಗಳ ಹಾವುಗಳಿಗೆ ಅಂಥ ವೈರಿಯ ಪರಿಚಯವೇ ಇರಲಿಲ್ಲ. 1872ರಲ್ಲಿ ಕಬ್ಬಿನ ಇಲಿ ಹಿಡಿಯಲೆಂದು ಕಲ್ಕತ್ತೆಯಿಂದ ಜಮೈಕಾಕ್ಕೆ ಒಯ್ದದ್ದು ಒಂಬತ್ತೇ ಮುಂಗುಸಿ. ಅವುಗಳ ಸಂತಾನ ಅಕ್ಕಪಕ್ಕದ ದ್ವೀಪಗಳಿಗೂ ಹೋಯಿತು. ಅಂಥದೊಂದು ದ್ವೀಪವಾದ ಆಂಟಿಗುವಾದ ರೇಸರ್ ಹಾವು ಹಗಲಲ್ಲಿ ನೆಲದ ಮೇಲೆ ಹರಿದಾಡುವ ಸಾಧು ಹಾವು. ಮುಂಗುಸಿಯೂ ಹಗಲಿನ ಬೇಟೆಗಾರ. ಇಲಿ ರಾತ್ರಿ ತಿರುಗುತ್ತದೆ, ಮರವನ್ನೂ ಹತ್ತುತ್ತದೆ. ಆಂಟಿಗುವಾದಲ್ಲಿ ಇಲಿ ಉಳಿಯಿತು, ಹಾವು ಹೋಯಿತು. ಜಪಾನಿನ ಅಮಾಮಿ ಓಶಿಮಾದಲ್ಲಿ 1979ರಲ್ಲಿ ವಿಷದ ಹಾಬು ಹಾವಿನ ಮೇಲೆ ಸುಮಾರು 30 ಮುಂಗುಸಿ ಬಿಟ್ಟರು. ಹಾಬು ಹೊರಬೀಳುವುದು ರಾತ್ರಿ. ಮುಂಗುಸಿಯ ಬಾಯಿಗೆ ಸಿಕ್ಕಿದ್ದು ಅಲ್ಲಿನ ಅಪರೂಪದ ಕಪ್ಪು ಮೊಲ.

ಪ್ರಶ್ನೆ: ಹಾವು ಉಳಿಸಲೆಂದು ದ್ವೀಪದ ಇಲಿ ಕೊಂದರೆ ಹಾವು ಉಪವಾಸ ಬೀಳುವುದಿಲ್ಲವೇ? ಪಾಷಾಣ ಅದಕ್ಕೂ ತಗಲುವುದಿಲ್ಲವೇ?
– ಓದುಗರೊಬ್ಬರು, ಗದಗ

ಉತ್ತರ: ರೇಸರ್‌ನ ಮುಖ್ಯ ಆಹಾರ ಹಲ್ಲಿ ಜಾತಿಯ ಪ್ರಾಣಿಗಳು. ಆಂಟಿಗುವಾ ಪಕ್ಕದ ಗ್ರೇಟ್ ಬರ್ಡ್ ಎಂಬ ನಡುಗಡ್ಡೆ ಹತ್ತು ಹೆಕ್ಟೇರೂ ಇಲ್ಲ. 1995ರ ಹೊತ್ತಿಗೆ ಜಗತ್ತಿನಲ್ಲಿ ಉಳಿದದ್ದು ಅಲ್ಲಿನ ಸುಮಾರು 50 ಹಾವು ಮಾತ್ರ. ಹಡಗಿನಲ್ಲಿ ಬಂದ ಕಪ್ಪು ಇಲಿ ಹಾವಿನ ಮೊಟ್ಟೆ ತಿನ್ನುವುದಲ್ಲದೆ ದೊಡ್ಡ ಹಾವಿನ ಬಾಲವನ್ನೂ ಕಡಿಯುತ್ತಿತ್ತು. ಬಾಲ ಮೊಂಡಾದ ಹಾವುಗಳು ಅಲ್ಲಿ ಸಾಮಾನ್ಯವಾಗಿದ್ದವು.

ಆ ಇಲಿಗಳನ್ನು ಕೊಲ್ಲಲು ಅಲ್ಲಿ ಬಳಸಿದ್ದು ಬ್ರೋಡಿಫಕೌಮ್ ಎಂಬ ಪಾಷಾಣ. ನಾವು ಹೊಲಕ್ಕೆ ಹಾಕುವ ಜಿಂಕ್ ಫಾಸ್ಫೈಡ್ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತದೆ. ಸ್ವಲ್ಪ ತಿಂದು ಹೊಟ್ಟೆ ಕೆಟ್ಟ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ. ಅದಕ್ಕೇ ಮೊದಲು ಎರಡು ಮೂರು ದಿನ ಬರೀ ಕಾಳು ಇಡಬೇಕಾಗುತ್ತದೆ. ಬ್ರೋಡಿಫಕೌಮ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ಹಲವು ದಿನಗಳ ಮೇಲೆ ಕೊಲ್ಲುತ್ತದೆ, ಹಾಗಾಗಿ ಇಲಿಗೆ ಸಂಶಯ ಬರುವುದಿಲ್ಲ. ಕಾಳು ಸೇರಿಸಿದ ಮೇಣದ ಬಿಲ್ಲೆಯನ್ನು ಪೆಟ್ಟಿಗೆಯೊಳಗೆ ಇಡುತ್ತಾರೆ. ಹಾವು ಅದನ್ನು ತಿನ್ನುವುದಿಲ್ಲ. ಪೆಟ್ಟಿಗೆಗಳನ್ನು ಇಡೀ ದ್ವೀಪದ ಮೇಲೆ ಚೌಕುಳಿಯಂತೆ ಹರಡಬೇಕು. ಒಂದು ಮೂಲೆ ಬಿಟ್ಟುಹೋಗಿ ಬಸುರಿ ಇಲಿಯೊಂದು ಉಳಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಇಲಿ ಹೋದ ಮೇಲೆ ಹಾವನ್ನು ಬೇರೆ ಮೂರು ನಡುಗಡ್ಡೆಗಳಿಗೂ ಒಯ್ದು ಬಿಟ್ಟರು. ಸಂಖ್ಯೆ ಸಾವಿರ ದಾಟಿತು. ಪ್ರವಾಸಿಗರ ದೋಣಿಯಲ್ಲಿ ಇಲಿ ಮತ್ತೆ ಬರಬಹುದಾದ್ದರಿಂದ ಕಾವಲು ನಿಲ್ಲಿಸುವಂತಿಲ್ಲ.

ಈ ಮದ್ದನ್ನು ಹೊಲದ ಬದುವಿಗೆ ಮಾತ್ರ ತರಬೇಡಿ. ಸತ್ತ ಇಲಿಯ ಪಿತ್ತಜನಕಾಂಗದಲ್ಲಿ ಅದು ಬಹುಕಾಲ ಉಳಿಯುತ್ತದೆ, ಅಂಥ ಇಲಿ ತಿಂದ ಗೂಬೆ ಸಾಯುತ್ತದೆ.