ಅಪ್ಪ ಒಂದು ಅಂತಾರೆ, ಗಂಡ ಹದಿನಾರು ಅಂತಾರೆ

ಪ್ರಶ್ನೆ: ನಮ್ಮ ತಂದೆ ತಿಪಟೂರಿನಲ್ಲಿ ಹೈಸ್ಕೂಲ್ ಗಣಿತ ಮೇಷ್ಟ್ರಾಗಿ ನಿವೃತ್ತರಾದವರು. ನಮ್ಮೆಜಮಾನರು ಸಾಫ್ಟ್‌ವೇರ್ ಎಂಜಿನಿಯರ್. ಫೇಸ್‌ಬುಕ್‌ನಲ್ಲಿ ‘8÷2(2+2) ಎಷ್ಟು? ಬುದ್ಧಿವಂತರಿಗೆ ಮಾತ್ರ!’ ಎಂಬ ಪೋಸ್ಟಿಗೆ ಅಪ್ಪ 1 ಎಂದು ಬರೆದರು. ಅದರ ಕೆಳಗೇ ಇವರು ‘ಮಾವ, ನಿಮ್ಮ ಕಾಲದ ಲೆಕ್ಕ ಈಗ ನಡೆಯಲ್ಲ, 16’ ಎಂದು ನಗುವ ಇಮೋಜಿ ಹಾಕಿದರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬರುವುದಿಲ್ಲವಂತೆ ಅಪ್ಪ. ಆದರೆ ಒಗಟುಗಳನ್ನು ಬಿಟ್ಟಿಲ್ಲ; ‘ನಿಮ್ಮ ಮೊದಲ ಶಾಲೆ ಯಾವುದು’ ಎನ್ನುವ ಪೋಸ್ಟುಗಳಿಗೂ ಉತ್ತರ ಬರೆಯುತ್ತಾರೆ. ‘ಯಾರು ಸರಿ, ನೀನೇ ಹೇಳು’ ಅಂತ ಇಬ್ಬರೂ ನನ್ನನ್ನೇ ಕೇಳುತ್ತಾರೆ. ಏನು ಹೇಳಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ತೀರ್ಪು ಕೊಡಲು ಹೋಗಬೇಡಿ ತಾಯಿ. ಆ ಲೆಕ್ಕವನ್ನು ಹಾಗೆ ಬರೆದಿರುವುದೇ ಜಗಳ ಹಚ್ಚಲಿಕ್ಕೆ. ಆವರಣ ಬಿಡಿಸಿದರೆ 8÷2(4) ಉಳಿಯುತ್ತದೆ. 2 ಆವರಣಕ್ಕೆ ಅಂಟಿಕೊಂಡಿದೆ, ಅವೆರಡೂ ಒಂದೇ ಗುಂಪು ಎಂದುಕೊಂಡವರು ಅದನ್ನು ಮೊದಲು ಗುಣಿಸುತ್ತಾರೆ. ಆಗ 8÷8, ಉತ್ತರ 1. ನಿಮ್ಮ ಯಜಮಾನರು ಬಳಸುವ ಕಂಪ್ಯೂಟರ್ ಭಾಷೆಗಳಲ್ಲಿ ಸಾಮಾನ್ಯವಾಗಿ ನಡುವೆ ಗುಣಾಕಾರ ಚಿಹ್ನೆ ಹಾಕಲೇಬೇಕು. ಹಾಕಿದರೆ ಎಡದಿಂದ ಬಲಕ್ಕೆ 4×4, ಅಂದರೆ 16. ಕ್ಯಾಲ್ಕುಲೇಟರುಗಳಲ್ಲೇ ಕೆಲವು 1 ತೋರಿಸುತ್ತವೆ, ಕೆಲವು 16. ಇದೇ ಲೆಕ್ಕ 2019ರಲ್ಲಿ ಟ್ವಿಟರಿನಲ್ಲಿ ಹಬ್ಬಿದಾಗ ಗಣಿತಜ್ಞ ಸ್ಟೀವನ್ ಸ್ಟ್ರೋಗಾಟ್ಜ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದರ ಬಗ್ಗೆ ಬರೆಯಬೇಕಾಯಿತು! ನಿಮ್ಮ ತಂದೆಯವರೇ ಪ್ರಶ್ನೆಪತ್ರಿಕೆ ತೆಗೆದಿದ್ದರೆ ಗೆರೆ ಎಳೆದು, ಮೇಲೊಂದು ಕೆಳಗೊಂದು ಬರೆದು, ಮಕ್ಕಳಿಗೆ ಗೊಂದಲವಾಗದಂತೆ ಕೇಳುತ್ತಿದ್ದರು.

ಪೋಸ್ಟ್ ಹಾಕಿದವನಿಗೆ ಬೇಕಿದ್ದದ್ದು ಗೊಂದಲವೇ. ಕಾಮೆಂಟು ಹೆಚ್ಚಿದಷ್ಟೂ ಪೋಸ್ಟು ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ, ಪೇಜಿಗೆ ಫಾಲೋವರುಗಳು ಸೇರುತ್ತಾರೆ. ಆಮೇಲೆ ಅಲ್ಲಿ ಜಾಹೀರಾತು, ಇಲ್ಲವೇ ಪೇಜೇ ಮಾರಾಟ. ಹೀಗೆ ಕಾಮೆಂಟು ಬೇಡುವ ಪೋಸ್ಟುಗಳನ್ನು ಕೆಳಗೆ ತಳ್ಳುತ್ತೇವೆ ಎಂದು ಫೇಸ್‌ಬುಕ್ 2017ರ ಡಿಸೆಂಬರಿನಲ್ಲೇ ಹೇಳಿತ್ತು. ಒಗಟಿನ ವೇಷ ಹಾಕಿಕೊಂಡವು ಇಂದಿಗೂ ನುಸುಳುತ್ತಲೇ ಇವೆ.

ಆದರೆ ನಿಮ್ಮ ತಂದೆಗೆ ಚುಚ್ಚಿದ್ದು 16 ಅಲ್ಲ. ಹಳೆಯ ವಿದ್ಯಾರ್ಥಿಗಳೂ ನೋಡುವ ಜಾಗದಲ್ಲಿ, ಜೀವಮಾನವೆಲ್ಲ ಕಲಿಸಿದ ವಿಷಯದಲ್ಲೇ, ಸ್ವಂತ ಅಳಿಯ ಹಲ್ಲು ಕಿರಿದದ್ದು. ಉತ್ತರ ಏನೇ ಇರಲಿ, ಇದರಲ್ಲಿ ತಪ್ಪು ಯಜಮಾನರದ್ದೇ. ನೇರವಾಗಿಯೇ ಹೇಳಿ. ಆ ಕಾಮೆಂಟನ್ನು ಅವರು ಅಳಿಸಲಿ, ಹಬ್ಬಕ್ಕೆ ಬನ್ನಿ ಎಂದು ತಾವೇ ಫೋನು ಮಾಡಿ ಕರೆಯಲಿ. ವಾಟ್ಸಾಪ್ ಸಂದೇಶ ಸಾಲದು. ‘ಆದರೂ ಮಾವ, ಆ ಲೆಕ್ಕ...’ ಎಂದು ಶುರು ಮಾಡಿದರೆ ಫೋನು ಕಿತ್ತುಕೊಳ್ಳಿ.

ನನಗೆ ನಿಜವಾದ ಆತಂಕ ಇರುವುದು ಆ ಮೊದಲ ಶಾಲೆಯ ಪೋಸ್ಟಿನ ಬಗ್ಗೆ. ಪಾಸ್‌ವರ್ಡ್ ಮರೆತಾಗ ಕೆಲವು ಖಾತೆಗಳು ಕೇಳುವ ಭದ್ರತಾ ಪ್ರಶ್ನೆಗಳು ಇಂಥವೇ: ಓದಿದ ಶಾಲೆ, ಹುಟ್ಟಿದ ಊರು, ಸಾಕಿದ ನಾಯಿಯ ಹೆಸರು. ಅಪ್ಪ ಬರೆದ ಅಂಥ ಉತ್ತರಗಳನ್ನೆಲ್ಲ ಅಳಿಸಿ, ಇಮೇಲ್ ಮತ್ತು ಬ್ಯಾಂಕಿನ ಭದ್ರತಾ ಪ್ರಶ್ನೆ, ಪಾಸ್‌ವರ್ಡ್ ಬದಲಿಸಬೇಕು. ಹಬ್ಬಕ್ಕೆ ಬಂದಾಗ ಅಳಿಯನೇ ಪಕ್ಕ ಕೂತು ಮಾಡಿಕೊಡಲಿ. ಎಂಜಿನಿಯರ್ ಆಗಿದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ.